ಎಲ್ಲಿ ಕಾಯಬೇಕು? ಕ್ಯಾಮೆಲ್ ಕಾಂಟೆಕ್ಸ್ಟು, ಥ್ರೆಡ್ ಪೂಲು

(ಬೆಂಗಳೂರಿನಲ್ಲಿ ಜಾವಾ ಕೆಲಸ ಮಾಡುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಪರದೆ ಕಾಣಿಸುತ್ತಿದೆಯಾ? ಸರಿ. ಅದರ ಮೇಲೆ ಇರುವುದು ಒಂದೇ ಸಾಲು: "ಕ್ಯಾಮೆಲ್ (ಕ್ಯಾಮೆಲ್-1) ಥ್ರೆಡ್ #7 - ವೈರ್‌ಟ್ಯಾಪ್". ಒಂದು ಥ್ರೆಡ್ ಡಂಪಿನಿಂದ, ಅಂದರೆ ಆ ಕ್ಷಣ ಪ್ರೋಗ್ರಾಮಿನೊಳಗೆ ಇದ್ದ ಥ್ರೆಡ್ಡುಗಳ (ಕೆಲಸ ಮಾಡುವ ಎಳೆಗಳ) ಪಟ್ಟಿಯಿಂದ, ಎತ್ತಿಕೊಂಡದ್ದು. ಆ ಡಂಪಿನಲ್ಲಿ ಇದೇ ಥರದ ಹತ್ತು ಸಾಲು ಇದ್ದವು. ಹನ್ನೊಂದನೆಯದು ಇರಲಿಲ್ಲ. ಅದು ಯಾಕೆ ಇರಲಿಲ್ಲ ಅನ್ನುವುದೇ ಇವತ್ತಿನ ನನ್ನ ಮಾತು.

ಅಪಾಚೆ ಕ್ಯಾಮೆಲ್ ಬಳಸಿದವರು ಇಲ್ಲಿ ಅರ್ಧಕ್ಕರ್ಧ ಇದ್ದೀರಿ. ಉಳಿದವರಿಗೆ ಎರಡು ಮಾತು. 2007ರಲ್ಲಿ ಬಂದ ಜಾವಾ ಇಂಟಿಗ್ರೇಶನ್ ಫ್ರೇಮ್‌ವರ್ಕ್ ಇದು. ಒಂದು ಕಡೆಯಿಂದ ಮೆಸೇಜ್ ತೆಗೆದುಕೊ, ತಿದ್ದು, ಇನ್ನೊಂದು ಕಡೆ ಕೊಡು ಅನ್ನುವ ಕೆಲಸವನ್ನು ರೂಟ್ ಅಂತ ಬರೆಯುತ್ತೀರಿ. ಆ ಕಡೆ ಕಾಫ್ಕಾ (ಮೆಸೇಜುಗಳನ್ನು ಡಿಸ್ಕಿನಲ್ಲಿ ಸಾಲಾಗಿ ಇಟ್ಟುಕೊಳ್ಳುವ ವ್ಯವಸ್ಥೆ) ಇರಬಹುದು, ಈ ಕಡೆ ಫೈಲ್ ಇರಬಹುದು, ನಡುವೆ ಎಚ್‌ಟಿಟಿಪಿ ಇರಬಹುದು. ಈ ರೂಟುಗಳು, ಅವು ಬಳಸುವ ಕಾಂಪೊನೆಂಟುಗಳು, ಟೈಪ್ ಕನ್ವರ್ಟರುಗಳು, ರಿಜಿಸ್ಟ್ರಿ (ಹೆಸರಿಟ್ಟು ವಸ್ತುಗಳನ್ನು ಇಡುವ ಜಾಗ), ಥ್ರೆಡ್ ಪೂಲುಗಳು (ಕೆಲಸಕ್ಕೆ ಸಿದ್ಧವಿರುವ ಥ್ರೆಡ್ಡುಗಳ ಗುಂಪು) ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ಆ ಸೂರಿನ ಹೆಸರು ಕ್ಯಾಮೆಲ್ ಕಾಂಟೆಕ್ಸ್ಟ್. ಕಾಂಟೆಕ್ಸ್ಟ್ ಶುರುವಾದರೆ ಎಲ್ಲ ಶುರು. ಅದು ನಿಂತರೆ ಅದು ಹುಟ್ಟಿಸಿದ ಪೂಲುಗಳೂ ಮುಚ್ಚಿಕೊಳ್ಳುತ್ತವೆ.

ಆ ಕಂಸದೊಳಗಿನ "ಕ್ಯಾಮೆಲ್-1" ಕಾಂಟೆಕ್ಸ್ಟಿನ ಹೆಸರು. ನಾವು ಇಟ್ಟ ಹೆಸರಲ್ಲ, ಕ್ಯಾಮೆಲ್ ತಾನೇ ಇಟ್ಟುಕೊಂಡದ್ದು. ಆಗ ನಮ್ಮಲ್ಲಿ ಒಂದೇ ಜೆವಿಎಂನಲ್ಲಿ (ಜಾವಾ ಪ್ರೋಗ್ರಾಮನ್ನು ಓಡಿಸುವ ಯಂತ್ರ) ಎರಡು ಕಾಂಟೆಕ್ಸ್ಟ್ ಓಡುತ್ತಿದ್ದವು, ಕ್ಯಾಮೆಲ್-1 ಮತ್ತು ಕ್ಯಾಮೆಲ್-2. ಯಾವುದು ಆರ್ಡರುಗಳದ್ದು, ಯಾವುದು ಬಿಲ್ಲಿಂಗ್‌ದು ಅಂತ ಕಂಡುಹಿಡಿಯಲು ಮೊದಲ ಹತ್ತು ನಿಮಿಷ ಹೋಯಿತು. ರಾತ್ರಿ ಹನ್ನೊಂದು ಗಂಟೆಗೆ ಹತ್ತು ನಿಮಿಷ ಅಂದರೆ ಸುಮ್ನೆ ಅಲ್ಲ. ಹಾಗಾಗಿ ಕಾಂಟೆಕ್ಸ್ಟ್ ಕಾನ್ಫಿಗರ್ ಮಾಡುವಾಗ ಮೊದಲು ಅದಕ್ಕೊಂದು ಹೆಸರಿಡಿ. ಸ್ಪ್ರಿಂಗ್ ಅನ್ನುವ ಜಾವಾ ಫ್ರೇಮ್‌ವರ್ಕಿನ ಎಕ್ಸ್‌ಎಂಎಲ್ ಆದರೆ ಐಡಿ ಕೊಡಿ, ಸ್ಪ್ರಿಂಗ್ ಬೂಟ್ ಆದರೆ ಪ್ರಾಪರ್ಟಿ ಫೈಲಿನಲ್ಲಿ ಒಂದು ಸಾಲು ಸಾಕು. ಆ ಹೆಸರು ಥ್ರೆಡ್ಡಿನ ಹೆಸರಿಗೆ ಬರುತ್ತದೆ, ಲಾಗಿಗೆ ಬರುತ್ತದೆ, ಓಡುವ ಪ್ರೋಗ್ರಾಮನ್ನು ಹೊರಗಿನಿಂದ ನೋಡಿ ತಿದ್ದಲು ಜಾವಾದಲ್ಲಿರುವ ಜೆಎಂಎಕ್ಸ್‌ನಲ್ಲೂ ಕಾಣುತ್ತದೆ. ಕಾಸು ಖರ್ಚಿಲ್ಲದ ಕೆಲಸ, ಆದರೂ ಯಾರೂ ಮಾಡುವುದಿಲ್ಲ.

ಈಗ ಕಥೆಗೆ ಬರೋಣ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆಯದ್ದು ಇದು. ಹೆಸರು ಬೇಡ. ಆರ್ಡರ್ ಬಂದ ಕೂಡಲೇ ಅದನ್ನು ಡೇಟಾಬೇಸಿಗೆ ಬರೆಯುತ್ತಿದ್ದೆವು. ಜೊತೆಗೆ ಅದರ ಒಂದು ನಕಲನ್ನು ವೈರ್ ಟ್ಯಾಪ್ ಹಾಕಿ ಪಕ್ಕಕ್ಕೆ ಕಳಿಸುತ್ತಿದ್ದೆವು. ಆ ನಕಲು ಡೆಲಿವರಿ ಮಾಡುವವರ ಸರ್ವರಿಗೆ ಎಚ್‌ಟಿಟಿಪಿಯಲ್ಲಿ ಹೋಗುತ್ತಿತ್ತು. ವೈರ್ ಟ್ಯಾಪಿನ ಗುಣ ಅಂದರೆ ಮುಖ್ಯ ದಾರಿ ಅದಕ್ಕಾಗಿ ಕಾಯುವುದಿಲ್ಲ. ನಕಲನ್ನು ಒಂದು ಥ್ರೆಡ್ ಪೂಲಿಗೆ ಕೊಟ್ಟು ಮುಂದೆ ಹೋಗುತ್ತದೆ. ಯಾವ ಪೂಲು ಅಂತ ನಾವು ಹೇಳಿರಲಿಲ್ಲ. ಹೇಳದಿದ್ದರೆ ಕ್ಯಾಮೆಲ್ ತನ್ನ ಡೀಫಾಲ್ಟ್ ಪ್ರೊಫೈಲಿನ ಪ್ರಕಾರ ಒಂದನ್ನು ಮಾಡಿಕೊಳ್ಳುತ್ತದೆ. ಆ ಪ್ರೊಫೈಲಿನ ಅಂಕಿಗಳು ಇವು: ಪೂಲ್ ಸೈಜ್ (ಜಾವಾ ಇದನ್ನು ಕೋರ್ ಅನ್ನುತ್ತದೆ) 10, ಮ್ಯಾಕ್ಸ್ ಪೂಲ್ ಸೈಜ್ 20, ಕ್ಯೂ ಸೈಜ್ 1000. ಹೆಚ್ಚಿಗೆ ಬಂದ ಥ್ರೆಡ್ 60 ಸೆಕೆಂಡ್ ಕೆಲಸವಿಲ್ಲದೆ ಕೂತರೆ ಹೊರಟುಹೋಗುತ್ತದೆ. ಕ್ಯೂ ತುಂಬಿ, ಥ್ರೆಡ್ಡೂ ಖಾಲಿ ಇಲ್ಲದಿದ್ದರೆ ಕೆಲಸ ಕೊಡಲು ಬಂದವನೇ ಮಾಡಿಕೊಳ್ಳಬೇಕು. ಇದಕ್ಕೆ ಕಾಲರ್ ರನ್ಸ್ ಅನ್ನುತ್ತಾರೆ.

ಮಾಮೂಲಿ ದಿನಗಳಲ್ಲಿ ಡೆಲಿವರಿಯವರ ಸರ್ವರ್ 200 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. ಹತ್ತು ಥ್ರೆಡ್ ಅಂದರೆ ಸೆಕೆಂಡಿಗೆ 50 ಮೆಸೇಜ್. ನಮಗೆ ಬರುತ್ತಿದ್ದದ್ದು ಸೆಕೆಂಡಿಗೆ ಮೂರು. ಸೊಗಸಾಗಿತ್ತು. ಆ ರಾತ್ರಿ ಅವರ ಕಡೆ ಏನೋ ಆಯಿತು. ಉತ್ತರ ಬರಲು 4 ಸೆಕೆಂಡ್ ಹಿಡಿಯತೊಡಗಿತು. ಸರ್ವರ್ ಬಿದ್ದಿರಲಿಲ್ಲ, ತಪ್ಪು ಉತ್ತರವನ್ನೂ ಕೊಡುತ್ತಿರಲಿಲ್ಲ. ಬರೀ ನಿಧಾನ. ಬಿದ್ದಿದ್ದರೆ ಒಳ್ಳೆಯದಿತ್ತು, ಅಲಾರಂ ಆದರೂ ಹೊಡೆದುಕೊಳ್ಳುತ್ತಿತ್ತು.

ಲೆಕ್ಕ ಹಾಕಿ. ಹತ್ತು ಥ್ರೆಡ್, ಒಂದೊಂದು ಮೆಸೇಜಿಗೆ 4 ಸೆಕೆಂಡ್. ಸೆಕೆಂಡಿಗೆ ಎರಡೂವರೆ ಮೆಸೇಜ್ ಮುಗಿಯುತ್ತದೆ. ಬರುತ್ತಿರುವುದು ಮೂರು. ಅಂದರೆ ಸೆಕೆಂಡಿಗೆ ಅರ್ಧ ಮೆಸೇಜ್ ಉಳಿಯುತ್ತದೆ. ಅರ್ಧ ತಾನೇ ಅನ್ನಿಸುತ್ತದೆ, ಅಲ್ವಾ? ಇಪ್ಪತ್ತು ನಿಮಿಷಕ್ಕೆ ಅದು 600.

ಆ 600ರ ಹೊತ್ತಿಗೆ ಯಾರೋ ಫೋನಿನಲ್ಲಿ "ರೀಸ್ಟಾರ್ಟ್ ಮಾಡಿ ನೋಡಿ" ಅಂದರು. ಮಾಡಿದೆವು. ಗ್ರಾಫಿನಲ್ಲಿ ಕ್ಯೂ ಸೊನ್ನೆಗೆ ಇಳಿಯಿತು. ಎಲ್ಲರಿಗೂ ಖುಷಿ. ಆ 600 ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮತ್ತೆ ಅರ್ಧ ಗಂಟೆಯಲ್ಲಿ ಕ್ಯೂ 900 ಮುಟ್ಟಿತು. ಈಗ ಬಂದ ಆರ್ಡರ್ ಡೆಲಿವರಿಯವರಿಗೆ ತಲುಪಲು ಆರು ನಿಮಿಷ. ಆಗ ನಾನು ಜಾಣತನ ತೋರಿಸಿದೆ. ಕ್ಯಾಮೆಲ್ ತನ್ನ ಪೂಲುಗಳನ್ನು ಜೆಎಂಎಕ್ಸ್‌ಗೆ ಬಿಟ್ಟುಕೊಟ್ಟಿರುತ್ತದೆ, ಓಡುತ್ತಿರುವಾಗಲೇ ಅಂಕಿ ಬದಲಿಸಬಹುದು. ಮ್ಯಾಕ್ಸ್ ಪೂಲ್ ಸೈಜನ್ನು 20ರಿಂದ 100ಕ್ಕೆ ಏರಿಸಿದೆ. ಕಣ್ಣು ಪರದೆಗೆ ಅಂಟಿಸಿಕೊಂಡು ಕೂತೆ. ಥ್ರೆಡ್ ಎಷ್ಟು? ಹತ್ತು. ಒಂದು ನಿಮಿಷ ಆಯಿತು. ಹತ್ತು. ಎರಡು ನಿಮಿಷ. ಹತ್ತೇ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ಥರ ಎಷ್ಟು ಜನ ಮೋಸ ಹೋಗಿದ್ದೀರಿ? ಕೈ ಎತ್ತಿ. ಸಂಕೋಚ ಬೇಡ.

ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನೆನಪಿಸಿಕೊಳ್ಳಿ. ಮಾಮೂಲಿ ಹತ್ತು ಬಸ್ಸು ಓಡುತ್ತಿವೆ. ಜನ ಜಾಸ್ತಿ ಆದರೆ ಹೆಚ್ಚುವರಿ ಹತ್ತು ಬಸ್ಸು ಬಿಡಬಹುದು ಅಂತ ಆರ್ಡರ್ ಇದೆ. ಬುದ್ಧಿ ಇರುವ ಯಾವ ಕಂಟ್ರೋಲರ್ ಆದರೂ ಜನ ಸೇರುತ್ತಿದ್ದಂತೆ ಒಂದೊಂದೇ ಬಸ್ಸು ಬಿಡುತ್ತಾನೆ. ನಾವು ಜಾವಾದ ಪೂಲಿನ ಬಗ್ಗೆಯೂ ಹಾಗೇ ಅಂದುಕೊಂಡಿರುತ್ತೇವೆ. ಆದರೆ ಜಾವಾದ ಕಂಟ್ರೋಲರ್ ಬೇರೆ ಥರ. ಅವನು ಹೇಳುವುದು ಇದು: ನಿಲ್ದಾಣದಲ್ಲಿ ಸಾವಿರ ಜನ ನಿಲ್ಲಲು ಜಾಗ ಇದೆ. ಆ ಜಾಗ ಭರ್ತಿ ಆಗುವ ತನಕ ಹನ್ನೊಂದನೇ ಬಸ್ಸಿನ ಮಾತೇ ಇಲ್ಲ. ಸಾವಿರದ ಒಂದನೆಯವನು ಬಂದು ನಿಲ್ಲಲು ಜಾಗ ಸಿಗದಿದ್ದಾಗ ಮಾತ್ರ ಹನ್ನೊಂದನೆಯದು ಹೊರಡುತ್ತದೆ.

ಇದು ಕ್ಯಾಮೆಲ್ಲಿನ ತಪ್ಪಲ್ಲ. 2004ರಲ್ಲಿ ಜಾವಾ 5 ಜೊತೆ ಬಂದ ಥ್ರೆಡ್ ಪೂಲ್ ಎಕ್ಸಿಕ್ಯೂಟರ್ ಇರುವುದೇ ಹೀಗೆ. ಡೌಗ್ ಲೀ ಮುಂದೆ ನಿಂತು ಮಾಡಿಸಿದ ಕೆಲಸ ಅದು. ಅದರ ದಾಖಲೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದೆ: ಕೋರ್ ಸಂಖ್ಯೆ ತುಂಬುವ ತನಕ ಹೊಸ ಥ್ರೆಡ್, ಆಮೇಲೆ ಕ್ಯೂ, ಕ್ಯೂ ತುಂಬಿದ ಮೇಲೆ ಮ್ಯಾಕ್ಸ್ ತನಕ ಥ್ರೆಡ್, ಅದೂ ತುಂಬಿದರೆ ನಿರಾಕರಣೆ. ಕೋರ್, ಕ್ಯೂ, ಮ್ಯಾಕ್ಸ್. ನಾವು ಓದಿಕೊಳ್ಳುವುದು ಕೋರ್, ಮ್ಯಾಕ್ಸ್, ಕ್ಯೂ ಅಂತ. ಕಾನ್ಫಿಗರೇಶನ್ನಿನಲ್ಲಿ ಪೂಲ್ ಸೈಜು, ಮ್ಯಾಕ್ಸ್ ಪೂಲ್ ಸೈಜು ಪಕ್ಕಪಕ್ಕ ಇರುವುದರಿಂದ ತಲೆಯಲ್ಲಿ ಆ ಸಾಲೇ ಕೂತುಬಿಡುತ್ತದೆ. ಟಾಮ್‌ಕ್ಯಾಟ್ ಅನ್ನುವ ಜಾವಾ ವೆಬ್ ಸರ್ವರ್ ಮಾಡಿದವರಿಗೆ ಈ ಕ್ರಮ ಹಿಡಿಸಲಿಲ್ಲ. ಅವರು ತಮ್ಮದೇ ಕ್ಯೂ ಬರೆದುಕೊಂಡು, ಮೊದಲು ಮ್ಯಾಕ್ಸ್ ತನಕ ಥ್ರೆಡ್ ಏರಿಸಿ ಆಮೇಲೆ ಕಾಯಿಸುವ ಹಾಗೆ ಮಾಡಿದ್ದಾರೆ. ಆದ್ದರಿಂದ ಟಾಮ್‌ಕ್ಯಾಟಿನಲ್ಲಿ ಕಲಿತ ಅಂದಾಜು ಕ್ಯಾಮೆಲ್ಲಿಗೆ ತಂದರೆ ಕೈ ಕೊಡುತ್ತದೆ. ನನಗೆ ಆದದ್ದು ಅದೇ.

ಆ ರಾತ್ರಿ ಕ್ಯೂ 900ರಲ್ಲಿತ್ತು, ಸಾವಿರ ಆಗಿರಲಿಲ್ಲ. ಮ್ಯಾಕ್ಸ್ ನೂರು ಇರಲಿ, ಹತ್ತು ಸಾವಿರ ಇರಲಿ, ಅದನ್ನು ಕೇಳುವವರೇ ಇರಲಿಲ್ಲ. ಜೊತೆಗಿದ್ದ ಹುಡುಗಿ, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, "ಕೋರ್ ಏರಿಸಿದರೆ ಏನಾಗುತ್ತೆ ಸರ್?" ಅಂದಳು. 20 ಮಾಡಿದೆವು. ಕೋರ್ ಏರಿಸಿದರೆ ಕ್ಯೂನಲ್ಲಿ ಕಾಯುತ್ತಿರುವ ಕೆಲಸಕ್ಕೆ ಜಾವಾ ಆ ಕ್ಷಣವೇ ಹೊಸ ಥ್ರೆಡ್ ಶುರು ಮಾಡುತ್ತದೆ. ಇಪ್ಪತ್ತು ಥ್ರೆಡ್, 4 ಸೆಕೆಂಡ್, ಅಂದರೆ ಸೆಕೆಂಡಿಗೆ ಐದು. ಬರುವುದು ಮೂರು. ಸೆಕೆಂಡಿಗೆ ಎರಡರಂತೆ ಕ್ಯೂ ಕರಗತೊಡಗಿತು. ಏಳೂವರೆ ನಿಮಿಷಕ್ಕೆ ಖಾಲಿ.

ಆಮೇಲೆ ಕಾಗದದಲ್ಲಿ ಲೆಕ್ಕ ಹಾಕಿದಾಗ ನಾಚಿಕೆ ಆಯಿತು. ನಮಗೆ ಬೇಕಿದ್ದದ್ದು ಹನ್ನೆರಡು ಥ್ರೆಡ್. ಲಿಟ್ಲ್ ನಿಯಮ ಅಂತ ಒಂದಿದೆ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಸೆಕೆಂಡಿಗೆ ಎಷ್ಟು ಬರುತ್ತದೆ, ಒಂದೊಂದಕ್ಕೆ ಎಷ್ಟು ಸೆಕೆಂಡ್ ಹಿಡಿಯುತ್ತದೆ, ಎರಡನ್ನೂ ಗುಣಿಸಿದರೆ ಒಂದು ಹೊತ್ತಿಗೆ ಎಷ್ಟು ಕೆಲಸ ಕೈಯಲ್ಲಿರುತ್ತದೆ ಅಂತ ಸಿಗುತ್ತದೆ. ಮೂರು ಗುಣಿಸು ನಾಲ್ಕು, ಹನ್ನೆರಡು. ಎರಡು ಥ್ರೆಡ್ ಕಮ್ಮಿ ಬಿದ್ದದ್ದಕ್ಕೆ ಇಷ್ಟೆಲ್ಲ ರಗಳೆ. ಇಪ್ಪತ್ತರ ತನಕ ಹೋಗಲು ಅಪ್ಪಣೆ ಇತ್ತು, ಆದರೂ ಹೋಗಲಿಲ್ಲ.

ಆಗಿನಿಂದ ನನಗೆ ಈ ಅಂಕಿಗಳನ್ನು ನೋಡುವ ರೀತಿಯೇ ಬದಲಾಗಿದೆ. ಮೊದಲು ಪೂಲ್ ಸೈಜು ಅಂದರೆ ವೇಗ ಅಂದುಕೊಳ್ಳುತ್ತಿದ್ದೆ. ಈಗ ಪ್ರತಿ ಅಂಕಿಯನ್ನೂ ಒಂದೇ ಪ್ರಶ್ನೆ ಕೇಳುತ್ತೇನೆ: ಆಚೆ ಕಡೆ ನಿಧಾನ ಆದರೆ ನನ್ನ ಮೆಸೇಜು ಎಲ್ಲಿ ಕೂತು ಕಾಯುತ್ತದೆ? ಕ್ಯೂ ಸೈಜ್ 1000 ಅಂದರೆ ನನ್ನ ಜೆವಿಎಂನ ಮೆಮೊರಿಯಲ್ಲಿ ಸಾವಿರ ಕಾಯಬಹುದು ಅಂತ. ಕ್ಯೂ ಸೊನ್ನೆ ಮಾಡಿದರೆ ಯಾರೂ ಕಾಯುವಂತಿಲ್ಲ, ನೇರ ಥ್ರೆಡ್ಡಿನ ಕೈಗೆ. ಆಗ ಮ್ಯಾಕ್ಸಿಗೆ ಜೀವ ಬರುತ್ತದೆ.

ಹಾಗಾದರೆ ಎಲ್ಲ ಕಡೆ ಸೊನ್ನೆ ಇಡೋಣ ಅನ್ನುವಿರಾ? ಕಾಲರ್ ರನ್ಸ್ ಇದೆಯಲ್ಲ, ಅದನ್ನು ನೋಡಿ. ಬಸ್ಸೆಲ್ಲ ಹೊರಟಿವೆ, ನಿಲ್ದಾಣ ತುಂಬಿದೆ. ಆಗ ಟಿಕೆಟ್ ಕೌಂಟರಿನಲ್ಲಿ ಕೂತವನೇ ಎದ್ದು ಹೋಗಿ ಸ್ಟೇರಿಂಗ್ ಹಿಡಿಯುತ್ತಾನೆ. ಒಂದು ರೀತಿಯಲ್ಲಿ ಒಳ್ಳೆಯದೇ. ಕೌಂಟರ್ ಮುಚ್ಚಿದ್ದರಿಂದ ಹೊಸ ಟಿಕೆಟ್ ಹೋಗುವುದಿಲ್ಲ, ಜನ ತಾವಾಗಿಯೇ ಕಮ್ಮಿ ಆಗುತ್ತಾರೆ. ಕ್ಯಾಮೆಲ್ ಇದನ್ನು ಡೀಫಾಲ್ಟ್ ಮಾಡಿರುವುದು ಅದಕ್ಕೇ. ಯಾವ ಮೆಸೇಜೂ ಬಿದ್ದುಹೋಗುವುದಿಲ್ಲ, ತಾನಾಗಿ ಬ್ರೇಕ್ ಬೀಳುತ್ತದೆ.

ಆದರೆ ಕೌಂಟರಿನಲ್ಲಿ ಕೂತವನು ಯಾರು ಅನ್ನುವುದು ಮುಖ್ಯ. ಕಾಫ್ಕಾದಿಂದ ಓದುವ ರೂಟ್ ಆದರೆ ಅವನು ಕಾಫ್ಕಾವನ್ನು ಪೋಲ್ ಮಾಡುವ (ಹೊಸದೇನಿದೆ ಅಂತ ಮತ್ತೆ ಮತ್ತೆ ಕೇಳಿ ತರುವ) ಥ್ರೆಡ್. ಒಂದು ಸಲಕ್ಕೆ 500 ರೆಕಾರ್ಡ್ ತಂದಿರುತ್ತಾನೆ, ಅದು ಡೀಫಾಲ್ಟ್. ಐದು ನಿಮಿಷದೊಳಗೆ ಮತ್ತೆ ಪೋಲ್ ಮಾಡದಿದ್ದರೆ ಕಾಫ್ಕಾ ಅವನನ್ನು ಒಟ್ಟಿಗೆ ಓದುವವರ ಗುಂಪಿನಿಂದ ಹೊರಹಾಕಿ ಅವನ ಪಾರ್ಟಿಶನ್ನುಗಳನ್ನು (ಅವನ ಪಾಲಿಗೆ ಬಂದ ಸಾಲುಗಳನ್ನು) ಬೇರೆಯವರಿಗೆ ಹಂಚುತ್ತದೆ. ಇದೇ ರೀಬ್ಯಾಲೆನ್ಸ್. ಒಂದು ಮೆಸೇಜಿಗೆ 4 ಸೆಕೆಂಡ್ ಅಂದರೆ, ಆ 500ರಲ್ಲಿ ಬರೀ 75ನ್ನು ಅವನೇ ಮಾಡಬೇಕಾಗಿ ಬಂದರೂ ಐದು ನಿಮಿಷ ಮುಗಿಯಿತು. ಪಾರ್ಟಿಶನ್ ಪಡೆದ ಇನ್ನೊಬ್ಬನಿಗೂ ಇದೇ ಗತಿ. ಅರ್ಧ ಮಾಡಿದ್ದನ್ನು ಅವನು ಮತ್ತೆ ಮೊದಲಿಂದ ಮಾಡುತ್ತಾನೆ. ನಿಧಾನ ಆಗಿದ್ದ ಸರ್ವರಿಗೆ ಇನ್ನೂ ಹೊರೆ. ಲಾಗ್ ತುಂಬ ರೀಬ್ಯಾಲೆನ್ಸ್, ರೀಬ್ಯಾಲೆನ್ಸ್. ಎಲ್ಲರೂ ಕಾಫ್ಕಾವನ್ನು ಬೈಯುತ್ತಾರೆ.

ಸೇಡಾ, ಅಂದರೆ ಕ್ಯಾಮೆಲ್ಲಿನೊಳಗೇ ಒಂದು ರೂಟಿನಿಂದ ಇನ್ನೊಂದಕ್ಕೆ ಮೆಸೇಜ್ ದಾಟಿಸುವ ಕಾಂಪೊನೆಂಟು, ಬಳಸುವವರಿಗೆ ಒಂದು ಮಾತು. ಅದೂ ಮೆಮೊರಿಯೊಳಗಿನ ಕ್ಯೂನೇ, ಸೈಜೂ 1000ವೇ. ಆದರೆ ತುಂಬಿದಾಗ ನಡೆದುಕೊಳ್ಳುವ ರೀತಿ ಬೇರೆ. ಕ್ಯೂ ತುಂಬಿದೆ ಅಂತ ಎಕ್ಸೆಪ್ಶನ್ ಎಸೆಯುತ್ತದೆ. ಕಾಯಬೇಕೆಂದರೆ ಬ್ಲಾಕ್ ವೆನ್ ಫುಲ್ ಅಂತ ನೀವೇ ಹೇಳಬೇಕು. ಸೇಡಾದಿಂದ ಎತ್ತಿಕೊಳ್ಳುವವನು ಮೊದಲಿಗೆ ಒಬ್ಬನೇ, ಕನ್ಕರೆಂಟ್ ಕನ್ಸ್ಯೂಮರ್ಸ್ 1. ಹಳೆಯ ಕ್ಯಾಮೆಲ್ 2ರಲ್ಲಿ ಈ ಕ್ಯೂಗೆ ಮಿತಿಯೇ ಇರಲಿಲ್ಲ, ಮೆಮೊರಿ ಮುಗಿಯುವ ತನಕ ತುಂಬಿಕೊಳ್ಳುತ್ತಿತ್ತು. ಇನ್ನೊಂದು, ಸ್ಪ್ರಿಂಗಿನ ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಅನ್ನುವ ಕಟ್ಟು) ಥ್ರೆಡ್ಡಿಗೆ ಅಂಟಿಕೊಂಡಿರುತ್ತದೆ. ಥ್ರೆಡ್ ಬದಲಾದರೆ ಟ್ರಾನ್ಸಾಕ್ಷನ್ ಹಿಂದೆಯೇ ಉಳಿಯಿತು.

ಈಗ ಪ್ರೊಫೈಲು ಮತ್ತು ಪೂಲು. ಇವೆರಡನ್ನೂ ಒಂದೇ ಅಂತ ತಿಳಿದವರು ಬಹಳ ಜನ. ಪ್ರೊಫೈಲು ಅಂದರೆ ಅಚ್ಚು. ಪೂಲು ಅಂದರೆ ಆ ಅಚ್ಚಿನಿಂದ ತೆಗೆದದ್ದು. ನಿಮ್ಮ ಕಾಂಟೆಕ್ಸ್ಟಿನಲ್ಲಿ ಒಂಬತ್ತು ಕಡೆ ಮೆಸೇಜನ್ನು ತುಂಡು ಮಾಡುವ ಸ್ಪ್ಲಿಟರಿಗೆ ಪ್ಯಾರಲಲ್ ಪ್ರೊಸೆಸಿಂಗ್ ಹಾಕಿದ್ದೀರಿ, ಆರು ಕಡೆ ವೈರ್ ಟ್ಯಾಪ್ ಇದೆ ಅಂದುಕೊಳ್ಳಿ. ಏನೂ ಹೇಳದಿದ್ದರೆ ಹದಿನೈದು ಪೂಲು ಹುಟ್ಟುತ್ತವೆ. ಪ್ರತಿಯೊಂದಕ್ಕೂ ಹತ್ತರಿಂದ ಇಪ್ಪತ್ತು ಥ್ರೆಡ್. ಒಟ್ಟು ಮುನ್ನೂರರ ತನಕ ಹೋಗಬಹುದು. ಕಾಂಟೆಕ್ಸ್ಟಿಗೆ ಒಂದು ಡೀಫಾಲ್ಟ್ ಪ್ರೊಫೈಲ್ ಇರುವುದರಿಂದ ಪೂಲೂ ಒಂದೇ ಅಂದುಕೊಳ್ಳಬೇಡಿ. ಪ್ರೊಫೈಲಿಗೆ ಹೆಸರಿಟ್ಟು ಎರಡು ಕಡೆ ಅದೇ ಹೆಸರು ಬರೆದರೂ ಅಷ್ಟೇ, ಎರಡು ಪೂಲು. ಹಂಚಿಕೊಂಡ ಒಂದೇ ಪೂಲು ಬೇಕಿದ್ದರೆ ಅದನ್ನು ನೀವೇ ಕಟ್ಟಿ ರಿಜಿಸ್ಟ್ರಿಯಲ್ಲಿ ಇಡಬೇಕು. ಹೆಸರು ಕೊಟ್ಟಾಗ ಕ್ಯಾಮೆಲ್ ಮೊದಲು ರಿಜಿಸ್ಟ್ರಿಯಲ್ಲಿ ನಿಜವಾದ ಪೂಲು ಇದೆಯಾ ನೋಡುತ್ತದೆ. ಇಲ್ಲದಿದ್ದರೆ ಆ ಹೆಸರಿನ ಅಚ್ಚು ಹುಡುಕುತ್ತದೆ.

ಅಚ್ಚಿನಲ್ಲಿ ಎಲ್ಲ ಅಂಕಿ ಬರೆಯಬೇಕಿಲ್ಲ. ಪೂಲ್ ಸೈಜ್ ಮಾತ್ರ ಹೇಳಿದರೆ ಉಳಿದದ್ದು ಡೀಫಾಲ್ಟ್ ಪ್ರೊಫೈಲಿನಿಂದ ಬರುತ್ತದೆ. ಇಲ್ಲೇ ಒಂದು ಗುಂಡಿ ಇದೆ. ಯಾರೋ "ನಿಧಾನದ ಪಾರ್ಟ್ನರಿಗೆ" ಅಂತ ಒಂದು ಪ್ರೊಫೈಲ್ ಮಾಡಿ ಮ್ಯಾಕ್ಸ್ 50 ಅಂತ ಬರೆಯುತ್ತಾರೆ. ಕ್ಯೂ ಬಗ್ಗೆ ಸುಮ್ಮನಿರುತ್ತಾರೆ. ಆ 1000 ಹಾಗೇ ಇಳಿದು ಬರುತ್ತದೆ, 50 ಬರೀ ಅಲಂಕಾರ. ಡೀಫಾಲ್ಟನ್ನೇ ಬದಲಿಸುವುದಾದರೆ ರೂಟುಗಳು ಶುರುವಾಗುವ ಮೊದಲೇ ಬದಲಿಸಿ. ಹುಟ್ಟಿದ ಪೂಲು ಅಚ್ಚನ್ನು ಮತ್ತೆ ತಿರುಗಿ ನೋಡುವುದಿಲ್ಲ.

ಪೂಲನ್ನು ನೀವೇ ಕಟ್ಟುವಾಗಲೂ ಜಾವಾದ ಎಕ್ಸಿಕ್ಯೂಟರ್ಸ್ ಕ್ಲಾಸಿಗೆ ಕೈ ಹಾಕಬೇಡಿ, ಕ್ಯಾಮೆಲ್ಲಿನ ಎಕ್ಸಿಕ್ಯೂಟರ್ ಸರ್ವಿಸ್ ಮ್ಯಾನೇಜರಿನಿಂದ ಅಥವಾ ಅದರ ಬಿಲ್ಡರಿನಿಂದ ಮಾಡಿ. ಥ್ರೆಡ್ಡಿಗೆ ಸರಿಯಾದ ಹೆಸರು ಬರುತ್ತದೆ. ಕಾಂಟೆಕ್ಸ್ಟ್ ನಿಂತಾಗ ಅದೂ ನಿಲ್ಲುತ್ತದೆ. ಕ್ಯಾಮೆಲ್ಲಿನ ಹೊರಗೆ ಮಾಡಿ ತಂದ ಪೂಲನ್ನು ಕ್ಯಾಮೆಲ್ ಮುಚ್ಚುವುದಿಲ್ಲ. ಆಮೇಲೆ ಜೆವಿಎಂ ಯಾಕೆ ಸಾಯುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತೀರಿ.

ಥ್ರೆಡ್ ಏರಿಸುವ ಮೊದಲು ಆಚೆ ಬಾಗಿಲು ಎಷ್ಟು ಅಗಲ ಅಂತಲೂ ನೋಡಿ. ಆ ರಾತ್ರಿ ನಾವು ಕೋರ್ 20 ಮಾಡಿದ್ದು ಅದೃಷ್ಟ. 40 ಮಾಡಿದ್ದರೂ ಒಂದು ಮೆಸೇಜೂ ಬೇಗ ಹೋಗುತ್ತಿರಲಿಲ್ಲ. ಕ್ಯಾಮೆಲ್ಲಿನ ಎಚ್‌ಟಿಟಿಪಿ ಕಾಂಪೊನೆಂಟು ಒಟ್ಟು 200 ಕನೆಕ್ಷನ್ ಇಟ್ಟುಕೊಳ್ಳುತ್ತದೆ, ಆದರೆ ಒಂದು ಸರ್ವರಿಗೆ 20 ಮಾತ್ರ. ಉಳಿದ ಇಪ್ಪತ್ತು ಥ್ರೆಡ್ ಕನೆಕ್ಷನ್ ಸಿಗಲಿ ಅಂತ ಬಾಗಿಲಲ್ಲಿ ನಿಲ್ಲುತ್ತಿದ್ದವು. ಡೇಟಾಬೇಸ್ ಆದರೆ ಹಿಕಾರಿ ಸಿಪಿ ಅನ್ನುವ ಕನೆಕ್ಷನ್ ಪೂಲಿನಲ್ಲಿ ಸುಮ್ಮನೆ ಬಿಟ್ಟರೆ 10 ಕನೆಕ್ಷನ್. ಐವತ್ತು ಥ್ರೆಡ್ ಕೊಟ್ಟು ಹತ್ತು ಕನೆಕ್ಷನ್ ಕೊಟ್ಟರೆ ನಲವತ್ತು ಥ್ರೆಡ್ ಕಾಯುತ್ತವೆ, 30 ಸೆಕೆಂಡಿಗೂ ಸಿಗದಿದ್ದರೆ ಎಕ್ಸೆಪ್ಶನ್. ಆಗಲೂ ಮೆಸೇಜು ಕಾಯುತ್ತಲೇ ಇದೆ. ಮೊದಲು ಕ್ಯೂನಲ್ಲಿ ಕಾಯುತ್ತಿತ್ತು, ಈಗ ಥ್ರೆಡ್ ಹಿಡಿದುಕೊಂಡು ಕಾಯುತ್ತಿದೆ. ಕ್ಯೂನಲ್ಲಿದ್ದಾಗ ಒಂದು ಅಂಕಿಯಾಗಿ ಗ್ರಾಫಿನಲ್ಲಾದರೂ ಕಾಣುತ್ತಿತ್ತು.

ಈಗ ಆ ಕಳೆದುಹೋದ 600. ಮಾರನೇ ದಿನ ಬೆಳಿಗ್ಗೆ ಡೆಲಿವರಿಯವರಿಂದ ಫೋನ್ ಬಂತು. ನಮ್ಮ ಡೇಟಾಬೇಸಿನಲ್ಲಿರುವ ಆರ್ಡರುಗಳಲ್ಲಿ ಐನೂರಕ್ಕೂ ಜಾಸ್ತಿ ಅವರಿಗೆ ತಲುಪಿಯೇ ಇರಲಿಲ್ಲ. ರೀಸ್ಟಾರ್ಟ್ ಮಾಡಿದಾಗ ಏನಾಗಿತ್ತು ಗೊತ್ತಾ? ಕಾಂಟೆಕ್ಸ್ಟ್ ನಿಲ್ಲುವಾಗ ಒಳಗಿರುವ ಮೆಸೇಜು ಮುಗಿಯಲಿ ಅಂತ ಕಾಯುತ್ತದೆ. ಕ್ಯಾಮೆಲ್ 2ರ ಕಾಲದಲ್ಲಿ 300 ಸೆಕೆಂಡ್ ಕಾಯುತ್ತಿತ್ತು. ಈಗ 45. ನಮ್ಮದು ಪ್ರೋಗ್ರಾಮುಗಳನ್ನು ಎಬ್ಬಿಸಿ ನಿಲ್ಲಿಸುವ ಕುಬರ್ನೆಟೀಸ್‌ನಲ್ಲಿ ಓಡುತ್ತಿತ್ತು. ಅದರಲ್ಲಿ ಓಡುವ ಒಂದೊಂದು ಪ್ರತಿಗೆ ಪಾಡ್ ಅನ್ನುತ್ತಾರೆ. ಅದು ಪಾಡಿಗೆ "ನಿಲ್ಲು" ಅಂತ ಹೇಳಿ ಎಷ್ಟು ಹೊತ್ತು ಕೊಡುತ್ತದೆ? ನಾವು ಬದಲಿಸದಿದ್ದರೆ 30 ಸೆಕೆಂಡ್. ಆಮೇಲೆ ಕೇಳುವುದಿಲ್ಲ, ಕೊಲ್ಲುತ್ತದೆ. ಲಾಗಿನಲ್ಲಿ ಕ್ಯಾಮೆಲ್ ಇನ್ನೂ ಇಷ್ಟು ಮೆಸೇಜ್ ಬಾಕಿ ಇದೆ, ಕಾಯುತ್ತಿದ್ದೇನೆ ಅಂತ ಎಣಿಸುತ್ತಲೇ ಇತ್ತು. ಎಣಿಕೆ ಅರ್ಧದಲ್ಲೇ ನಿಂತಿತ್ತು. 30 ಸೆಕೆಂಡಿನಲ್ಲಿ, ಸೆಕೆಂಡಿಗೆ ಎರಡೂವರೆಯಂತೆ, ಹೆಚ್ಚೆಂದರೆ 75 ಹೋಗಿರಬೇಕು. ಉಳಿದದ್ದು ಮೆಮೊರಿಯಲ್ಲಿತ್ತು, ಮೆಮೊರಿ ಹೋಯಿತು.

ಎರಡು ಅಂಕಿ, ಎರಡು ಬೇರೆ ತಂಡದವರ ಫೈಲಿನಲ್ಲಿ. ಒಬ್ಬರು ಇನ್ನೊಬ್ಬರದ್ದನ್ನು ನೋಡಿಲ್ಲ. ನಿಮ್ಮಲ್ಲೂ ಇದು ಹೀಗೇ ಇರಬಹುದು, ನಾಳೆ ಆಫೀಸಿಗೆ ಹೋದ ಮೇಲೆ ನೋಡಿ. ಕುಬರ್ನೆಟೀಸಿನ ಸಮಯ ಕ್ಯಾಮೆಲ್ಲಿನದಕ್ಕಿಂತ ಜಾಸ್ತಿ ಇರಬೇಕು. ಆದರೆ ಅಷ್ಟು ಮಾಡಿದರೂ ನಮ್ಮ 600 ಉಳಿಯುತ್ತಿರಲಿಲ್ಲ. ಅವಕ್ಕೆ ಬೇಕಿದ್ದದ್ದು ನಾಲ್ಕು ನಿಮಿಷ.

ಇಷ್ಟು ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.

ಮೊದಲ ಪ್ರಶ್ನೆ ಮುಂದಿನ ಸಾಲಿನಿಂದ ಬಂತು. "ಸರ್, ಈಗ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ ಬಂದಿದೆಯಲ್ಲ, ಈ ಲೆಕ್ಕ ಎಲ್ಲ ಇನ್ನು ಬೇಕಾ?"

ಬೇಕು. ನಿಜವಾದ ಥ್ರೆಡ್ಡುಗಳ ಮೇಲೆ ಓಡುವ ಆ ಅಗ್ಗದ ಥ್ರೆಡ್ 2023ರಲ್ಲಿ ಬಂದಾಗ ನನಗೂ ಇನ್ನು ಪೂಲಿನ ಸಹವಾಸ ಸಾಕು ಅನ್ನಿಸಿತ್ತು. ಕ್ಯಾಮೆಲ್ 4ರಲ್ಲಿ ಒಂದು ಸಿಸ್ಟಮ್ ಪ್ರಾಪರ್ಟಿ ಹಾಕಿದರೆ ವರ್ಚುವಲ್ ಥ್ರೆಡ್ ಬರುತ್ತದೆ. ತಾನಾಗಿ ಬರುವುದಿಲ್ಲ. ಥ್ರೆಡ್ ಅಗ್ಗ ಆಯಿತು ಸರಿ, ಆಚೆ ಕಡೆಯ ಸರ್ವರ್ ಅಗ್ಗ ಆಗಲಿಲ್ಲವಲ್ಲ? ಅದಕ್ಕೆ 20 ಕನೆಕ್ಷನ್ನೇ. ಹತ್ತು ಥ್ರೆಡ್ಡಿನ ಪೂಲು ತನಗೆ ಗೊತ್ತಿಲ್ಲದೆಯೇ ಅವರ ಸರ್ವರನ್ನು ಕಾಪಾಡುತ್ತಿತ್ತು. ಮೆಸೇಜಿಗೊಂದು ಥ್ರೆಡ್ ಕೊಟ್ಟರೆ ಆ ಕಾವಲು ಹೋಗುತ್ತದೆ. ಆಗ ಥ್ರಾಟಲ್ (ಇಷ್ಟು ಹೊತ್ತಿಗೆ ಇಷ್ಟೇ ಅನ್ನುವ ಮಿತಿ) ಹಾಕಿ ನೀವೇ ಕಾವಲು ನಿಲ್ಲಿಸಬೇಕು. ಇನ್ನೊಂದು, ಜಾವಾ 21ರಲ್ಲಿ ಸಿಂಕ್ರೊನೈಸ್ಡ್ ಬ್ಲಾಕಿನೊಳಗೆ (ಒಂದು ಹೊತ್ತಿಗೆ ಒಂದೇ ಥ್ರೆಡ್ ಹೋಗಬಹುದಾದ ಕೋಡು) ಕಾಯುವ ವರ್ಚುವಲ್ ಥ್ರೆಡ್ ತನ್ನ ಕೆಳಗಿನ ನಿಜವಾದ ಥ್ರೆಡ್ಡನ್ನೂ ಹಿಡಿದುಕೊಳ್ಳುತ್ತಿತ್ತು. 2025ರ ಜಾವಾ 24ರಲ್ಲಿ ಅದನ್ನು ಸರಿ ಮಾಡಿದ್ದಾರೆ. ಹಳೆಯ ಲೈಬ್ರರಿ ಜಾಸ್ತಿ ಇರುವವರು ಜಾವಾ 24ಕ್ಕೆ ಹೋಗುವ ತನಕ ಕಾಯುವುದೇ ವಾಸಿ.

ಎರಡನೆಯದು: "ಹದಿನೈದು ಪೂಲು ಯಾಕೆ, ಒಂದೇ ದೊಡ್ಡ ಪೂಲು ಮಾಡಿ ಎಲ್ಲರಿಗೂ ಕೊಟ್ಟರೆ ಆಗಲ್ವಾ?"

ಕೊಡಬಹುದು, ಒಂದು ಎಚ್ಚರಿಕೆ ಇಟ್ಟುಕೊಂಡು. ಪೂಲಿನಲ್ಲಿ ಹತ್ತು ಥ್ರೆಡ್ ಇವೆ. ಹತ್ತೂ ಒಂದೊಂದು ದೊಡ್ಡ ಕೆಲಸ ಹಿಡಿದಿವೆ. ಆ ದೊಡ್ಡ ಕೆಲಸದ ನಡುವೆ ನೀವು ಪ್ರೊಡ್ಯೂಸರ್ ಟೆಂಪ್ಲೇಟ್ ಬಳಸಿ ಇನ್ನೊಂದು ರೂಟಿಗೆ ಕೇಳಿ, ಉತ್ತರ ಬರಲಿ ಅಂತ ನಿಂತಿದ್ದೀರಿ. ಆ ಇನ್ನೊಂದು ರೂಟೂ ಇದೇ ಪೂಲಿನಲ್ಲಿ ಥ್ರೆಡ್ ಕೇಳುತ್ತದೆ. ಎಲ್ಲಿದೆ ಥ್ರೆಡ್? ಹತ್ತೂ ನಿಂತಿವೆ. ಸಣ್ಣ ಕೆಲಸಗಳು ಕ್ಯೂನಲ್ಲಿ, ದೊಡ್ಡವು ಅವುಗಳಿಗಾಗಿ ಕಾಯುತ್ತ. ಸಿಪಿಯು ಸೊನ್ನೆ, ಲಾಗಿನಲ್ಲಿ ಒಂದು ಎರರ್ ಇಲ್ಲ. ಒಬ್ಬರಿಗೊಬ್ಬರು ಕಾಯುವ ಕೆಲಸಗಳನ್ನು ಒಂದೇ ಪೂಲಿಗೆ ಹಾಕಬೇಡಿ. ಒಂದಕ್ಕೊಂದು ಸಂಬಂಧ ಇಲ್ಲದವು, ಬೇಗ ಮುಗಿಯುವವು ಇದ್ದರೆ ಧಾರಾಳವಾಗಿ ಹಂಚಿ. ಫೈಲ್ ಪೋಲ್ ಮಾಡುವ ರೂಟುಗಳು ಅದಕ್ಕೆ ಒಳ್ಳೆಯವು. ಪ್ರತಿಯೊಂದೂ ತನಗೇ ಅಂತ ಒಂದು ಥ್ರೆಡ್ ಇಟ್ಟುಕೊಂಡು ಹೆಚ್ಚು ಹೊತ್ತು ಸುಮ್ಮನೆ ಕೂತಿರುತ್ತದೆ.

ಕೊನೆಗೆ ಹಿಂದಿನಿಂದ ಒಬ್ಬರು ಕೇಳಿದರು: "ಎಲ್ಲ ಸರಿ, ಕೊನೆಗೆ ನೀವು ಆ ವೈರ್ ಟ್ಯಾಪನ್ನು ಏನು ಮಾಡಿದಿರಿ?"

ತೆಗೆದುಹಾಕಿದೆವು. ಆ ನಕಲನ್ನು ಪೂಲಿಗೆ ಕೊಡುವ ಬದಲು ಕಾಫ್ಕಾ ಟಾಪಿಕ್ಕಿಗೆ ಬರೆದೆವು. ಬೇರೆ ಒಂದು ರೂಟು ಅಲ್ಲಿಂದ ಓದಿ ಡೆಲಿವರಿಯವರಿಗೆ ಕಳಿಸುತ್ತದೆ. ಮಧ್ಯೆ ಸೇಡಾ ಇಲ್ಲ, ಬೇರೆ ಪೂಲಿಲ್ಲ. ಓದಿದ ಥ್ರೆಡ್ಡೇ ಕಳಿಸಿ ಮುಗಿಸುತ್ತದೆ. ಸೇಡಾಕ್ಕೆ ಕೊಟ್ಟರೆ ಓದುವ ಥ್ರೆಡ್ ಕೂಡಲೇ ಮುಂದೆ ಹೋಗಿ, ಇನ್ನೂ ಕಳಿಸದ ಮೆಸೇಜಿನ ಆಫ್‌ಸೆಟ್ಟೂ (ಎಲ್ಲಿಯ ತನಕ ಓದಿ ಆಯಿತು ಅನ್ನುವ ಗುರುತು) ಮುಂದೆ ಹೋಗಿಬಿಡುತ್ತದೆ. ಮತ್ತೆ ಹಳೆ ಕಥೆಯೇ. ಸಮಾನಾಂತರ ಬೇಕಿದ್ದಕ್ಕೆ ಕನ್ಸ್ಯೂಮರ್ಸ್ ಕೌಂಟ್ (ಓದುವವರ ಸಂಖ್ಯೆ) 12 ಮಾಡಿ, ಟಾಪಿಕ್ಕಿಗೂ 12 ಪಾರ್ಟಿಶನ್ ಕೊಟ್ಟೆವು. ಒಂದು ಸಲಕ್ಕೆ ತರುವ ರೆಕಾರ್ಡನ್ನು 500ರಿಂದ 50ಕ್ಕೆ ಇಳಿಸಿದೆವು. 50ಕ್ಕೆ 4 ಸೆಕೆಂಡಿನಂತೆ 200 ಸೆಕೆಂಡ್, ಐದು ನಿಮಿಷದೊಳಗೇ ಇರುತ್ತದೆ. ಈಗ ಅವರ ಸರ್ವರ್ ನಿಧಾನ ಆದರೆ ಮೆಸೇಜುಗಳು ಕಾಫ್ಕಾದ ಡಿಸ್ಕಿನಲ್ಲಿ ಕಾಯುತ್ತವೆ. ಪಾಡ್ ಸತ್ತರೆ ಹೊಸ ಪಾಡ್ ಬಂದು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಒಂದೆರಡು ಮೆಸೇಜು ಎರಡು ಸಲ ಹೋಗಬಹುದು. ಆರ್ಡರ್ ನಂಬರ್ ನೋಡಿ ಎರಡನೆಯದನ್ನು ಬಿಟ್ಟುಬಿಡಿ ಅಂತ ಡೆಲಿವರಿಯವರಿಗೆ ಹೇಳಿದ್ದೇವೆ. ಕಾಂಟೆಕ್ಸ್ಟಿಗೆ "ಆರ್ಡರ್-ಡೆಲಿವರಿ" ಅಂತ ಹೆಸರೂ ಇಟ್ಟಿದ್ದೇವೆ.